ಚುಗಲಿ ನೀರು

ಆ ದೋಣಿಯ ಮೋಟಾರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತಿತ್ತು. ಮೋಟಾರು ಚಾಲೂ ಆದ ಸ್ವಲ್ಪ ಹೊತ್ತಿಗೆ ಅದರಿಂದ ಪೆನ್ಸಿಲ್ಲಿನಷ್ಟು ದಪ್ಪದ ನೀರಿನ ಧಾರೆ ಬಾಗಿ ಹೊರಗೆ ಬೀಳುತ್ತಿತ್ತು. ಅದು ಬೀಳುತ್ತಿರುವ ತನಕ ದೋಣಿಯಲ್ಲಿ ಕುಳಿತವರು ನಿಶ್ಚಿಂತೆಯಿಂದ ಇರಬಹುದು. ನಿಂತಿತೋ, ಮೋಟಾರು ಒಳಗೊಳಗೇ ಕಾಯುತ್ತಿದೆ ಎಂದು ಅರ್ಥ. ದಂಡೆಯ ಮೇಲಿನ ಗಂಡಸರು ಆ ಧಾರೆಗೆ ಒಂದು ಹೆಸರಿಟ್ಟಿದ್ದರು. ತೊಟ್ಟಿಲ ಕೂಸು ದಿನಕ್ಕೆ ಹತ್ತು ಸಲ ಮಾಡುವ ಕೆಲಸದ ಹೆಸರು. ನನಗೀಗ ಎಪ್ಪತ್ತು ದಾಟಿದೆ, ಮೊಮ್ಮಕ್ಕಳ ದುಪ್ಪಟಿ ಒಗೆದಿದ್ದೇನೆ, ಆದರೂ ಆ ಶಬ್ದವನ್ನು ಕಾಗದದ ಮೇಲೆ ಇಡಲು ಕೈ ಬರುವುದಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನನ್ನಲ್ಲಿ ಅಷ್ಟನ್ನಂತೂ ಪರ್ಮನೆಂಟಾಗಿ ಉಳಿಸಿ ಹೋಗಿದ್ದಾರೆ.

ನನ್ನ ತವರು ಬೈಲಹೊಂಗಲ. ಅಪ್ಪನದು ಹತ್ತಿಯ ವ್ಯಾಪಾರ. ಯಾರೋ ಹೇಳಿದರೆಂದು ನನ್ನನ್ನು ಎಂಟನೆಯ ವರ್ಷಕ್ಕೇ ಬೋರ್ಡಿಂಗಿಗೆ ಹಾಕಿದರು. ನಾನು ಫೋರ್ಕಿನಲ್ಲಿ ತಿನ್ನುವುದನ್ನೂ, ಕರ್ಸಿವ್ ಬರೆಯುವುದನ್ನೂ, ಕೆಮ್ಮು ಬಂದರೆ ‘ಎಕ್ಸ್‌ಕ್ಯೂಸ್ ಮಿ’ ಅನ್ನುವುದನ್ನೂ ಕಲಿತು ಬಂದೆ. ರೊಟ್ಟಿ ಬಡಿಯುವುದು ಮಾತ್ರ ಬರಲಿಲ್ಲ. ಕಿತ್ತೂರಿನ ಕಡೆಯ ಇಂಜಿನಿಯರ್ ಒಬ್ಬರಿಗೆ ನನ್ನನ್ನು ಕೊಟ್ಟಾಗ ನನ್ನ ಸೋದರತ್ತೆ, “ಪಾಪ, ಆ ಹುಡುಗ ಇನ್ನ ಮ್ಯಾಲೆ ಇಂಗ್ಲಿಷ್ ಉಂಡು ಮಲಗಬೇಕು” ಅಂದಿದ್ದಳು.

ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ಸವದತ್ತಿಯ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ್ದರು. ನಿನ್ನೆ ಮೊನ್ನೆಯವರೆಗೆ ಜೋಳ ಬೆಳೆದಿದ್ದ ಎರೆ ಹೊಲಗಳ ಮೇಲೆ ಈಗ ಕಣ್ಣು ಹರಿಯುವಷ್ಟು ದೂರ ನೀರು. ಆ ನೀರಿನ ಆಳ ಅಳೆಯುವುದು ನನ್ನ ಯಜಮಾನರ ಕೆಲಸ. ಅದಕ್ಕಾಗಿ ಅವರ ಕಚೇರಿಗೆ ಒಂದು ಅಲ್ಯುಮಿನಿಯಂ ದೋಣಿಯೂ, ಅದರ ಹಿಂದಕ್ಕೆ ಸಿಕ್ಕಿಸುವ ಪರದೇಶದ ಔಟ್‌ಬೋರ್ಡ್ ಮೋಟಾರೂ ಬಂದಿದ್ದವು. ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯ ಕಿಟಕಿಯಿಂದ ದಂಡೆ ಕಾಣುತ್ತಿತ್ತು. ದೋಣಿ ಹೊರಡುವ ಸಪ್ಪಳ ಕೇಳಿದರೆ ನಾನು ಒಗ್ಗರಣೆ ಬಿಟ್ಟು ಕಿಟಕಿಗೆ ಓಡುತ್ತಿದ್ದೆ. ಹೊಸ ಮದುವೆ, ಮತ್ತೇನು.

ಆ ಮೋಟಾರನ್ನು ನೋಡಿಕೊಳ್ಳುತ್ತಿದ್ದವರು ರಾಮದುರ್ಗದ ಒಬ್ಬ ಮುಸಲ್ಮಾನ ಮಿಸ್ತ್ರಿ. ಐವತ್ತೈದರ ಮೇಲಿನ ವಯಸ್ಸು, ಬಿಳಿ ಗಡ್ಡ, ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ರಾಮದುರ್ಗ ಇನ್ನೂ ಸಂಸ್ಥಾನವಾಗಿದ್ದಾಗ ಅಲ್ಲಿನ ಮೋಟಾರು ಕಾರು ರಿಪೇರಿ ಮಾಡುತ್ತಿದ್ದವರ ಕೈಕೆಳಗೆ ಕೆಲಸ ಕಲಿತವರು. ಆಮೇಲೆ ಲಾರಿ, ಪಂಪು, ಹಿಟ್ಟಿನ ಗಿರಣಿ. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿ ಕೂರುತ್ತಿದ್ದರು, ನಮ್ಮ ಡಾಕ್ಟರುಗಳಿಗಿಂತ ಸಮಾಧಾನದಿಂದ. ನೀರಿನ ಮೇಲೆ ಓಡುವ ಮೋಟಾರು ಮಾತ್ರ ಅವರಿಗೆ ಹೊಸದು. ಅದರ ಜೊತೆ ಬಂದಿದ್ದ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ನನ್ನ ಯಜಮಾನರಿಗೆ ತಾಳ್ಮೆ ಇಲ್ಲ.

“ನೀನ ಓದಿ ಹೇಳು ಅವರಿಗೆ,” ಅಂದರು. “ನಿನಗೂ ಹೊತ್ತು ಹೋಗತೈತಿ. ಆ ಇಂಗ್ಲಿಷ್ ಸುಮ್ನ ತುಕ್ಕು ಹಿಡೀಲಿಕತ್ತೈತಿ.”

ಹೀಗೆ ಮಿಸ್ತ್ರಿ ಮಧ್ಯಾಹ್ನದ ಹೊತ್ತು ನಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತುಕೊಳ್ಳತೊಡಗಿದರು. ನಾನು ಒಳಗಿನ ಕುರ್ಚಿಯಲ್ಲಿ, ಕಾಲ ಮೇಲೆ ಮ್ಯಾನ್ಯುಯಲ್ ಇಟ್ಟುಕೊಂಡು, ಟೀಚರಮ್ಮನ ಗತ್ತಿನಲ್ಲಿ. ಸತ್ಯ ಹೇಳಬೇಕೆಂದರೆ ಆ ದಿನಗಳಲ್ಲಿ ನನ್ನನ್ನು ಬಾಯ್ತುಂಬ ‘ಬಾಯಾರ’ ಎಂದು ಮರ್ಯಾದೆಯಿಂದ ಕರೆದು, ನಾನು ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಿದ್ದವರು ಅವರೊಬ್ಬರೇ.

ಎರಡನೆಯ ದಿನವೋ ಮೂರನೆಯ ದಿನವೋ ಅವರು ಕೇಳಿದರು. “ಬಾಯಾರ, ಇದರಾಗ ಆ ಹಿಂದಿನ ನೀರಿನ ಬಗ್ಗೆ ಏನರೆ ಬರದಾರೇನ್ರಿ?”

“ಯಾವ ಹಿಂದಿನ ನೀರು?”

ಅವರು ಕೆಮ್ಮಿದರು. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. “ಅದರೀ… ಇಂಜಿನ್ ಹಿಂದ ಸಣ್ಣಗ ಬೀಳತೈತಲ್ರಿ… ಸಣ್ಣ ಕೂಸು ಹ್ಯಾಂಗ… ಹೋಗಲಿ ಬಿಡ್ರಿ.”

ನಾನು ಪುಟದಲ್ಲಿ ಮುಖ ಹುದುಗಿಸಿ ಹುಡುಕಿದೆ. ಸಿಕ್ಕಿತು. ‘ಟೆಲ್-ಟೇಲ್’ ಎಂದು ಬರೆದಿದ್ದರು.

“ಇದಕ್ಕ ಟೆಲ್-ಟೇಲ್ ಅಂತಾರ ಮಿಸ್ತ್ರಿ. ಅಂದ್ರ, ಚಾಡಿ. ಒಬ್ಬರದು ಇನ್ನೊಬ್ಬರಿಗೆ ಹೋಗಿ ಹೇಳೋದು.”

“ಚುಗಲಿ!” ಅವರು ತೊಡೆ ತಟ್ಟಿಕೊಂಡು ನಕ್ಕರು. “ಖರೇ ಹೆಸರಿಟ್ಟಾರ ನೋಡ್ರಿ. ಮನಿ ಒಳಗಿನ ಸುದ್ದಿ ಹೊರಗ ನಿಂತು ಊರಿಗೆಲ್ಲ ಹೇಳತೈತಿ. ನಮ್ಮ ಮನ್ಯಾಗೂ ಒಂದೈತ್ರಿ, ಇದಕ್ಕ ಪೆಟ್ರೋಲ್ ಬೇಕು, ಅದಕ್ಕ ಅದೂ ಬ್ಯಾಡ.”

ಅಂದಿನಿಂದ ಆ ಧಾರೆಗೆ ‘ಚುಗಲಿ ನೀರು’ ಎಂದೇ ಹೆಸರಾಯಿತು. ನನ್ನ ಯಜಮಾನರು ಕೂಡ ದೋಣಿ ಬಿಡುವ ಮುಂಚೆ, “ಚುಗಲಿ ಬರಾಕತ್ತೈತೇನು?” ಎಂದು ಕೂಗಿ ಕೇಳುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಹೆಮ್ಮೆ ಪಡುತ್ತಿದ್ದೆ. ಹೆಸರು ಹುಡುಕಿ ಕೊಟ್ಟವಳು ನಾನಲ್ಲವೇ!

ಆದರೆ ಆ ಇಂಗ್ಲಿಷ್ ಶಬ್ದ ಓದಿದಾಗ ನನ್ನ ಎದೆಯಲ್ಲಿ ಒಂದು ಮುಳ್ಳು ಆಡಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಬೋರ್ಡಿಂಗಿನಲ್ಲಿ ಕನ್ನಡ ಮಾತಾಡಿದರೆ ಕೊರಳಿಗೆ ಕಟ್ಟಿಗೆಯ ಫಲಕ ಹಾಕುತ್ತಿದ್ದರು. ನನ್ನ ಪಕ್ಕದ ಮಂಚದ ಗೆಳತಿ ಒಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ “ಅವ್ವಾ” ಅಂದದ್ದನ್ನು ನಾನೇ ಹೋಗಿ ಸಿಸ್ಟರಿಗೆ ಹೇಳಿದ್ದೆ. ಗುಡ್ ಗರ್ಲ್ ಅನ್ನಿಸಿಕೊಳ್ಳುವ ಆಸೆಗೆ. ಆ ಗೆಳತಿ ಇಡೀ ದಿನ ಫಲಕ ಹಾಕಿಕೊಂಡು ಓಡಾಡಿದಳು. ವರ್ಷ ಮುಗಿಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ಹುಡುಗಿಯರೆಲ್ಲ ನನ್ನನ್ನು ‘ಟೆಲ್-ಟೇಲ್’ ಎಂದು ಕರೆದರು. ಇನ್ನು ಜನ್ಮದಲ್ಲಿ ಯಾರ ಬಗ್ಗೆಯೂ ಯಾರಿಗೂ ಏನೂ ಹೇಳುವುದಿಲ್ಲ ಎಂದು ಅವತ್ತು ಪ್ರಾಮಿಸ್ ಮಾಡಿಕೊಂಡಿದ್ದೆ.

ಇರಲಿ. ಮೋಟಾರಿನ ಮಾತು ಹೇಳುತ್ತಿದ್ದೆ.

ಈ ಮೋಟಾರಿಗೆ ಕಾರಿನ ಹಾಗೆ ರೇಡಿಯೇಟರ್ ಇರಲಿಲ್ಲ. ತಾನು ಓಡುವ ನೀರನ್ನೇ ಕುಡಿದು ತಂಪಾಗುತ್ತಿತ್ತು. ನೀರಿನಲ್ಲಿ ಮುಳುಗಿರುವ ಕಾಲಿನ ಹತ್ತಿರ ಒಂದು ಜಾಲರಿ. ಅಲ್ಲಿಂದ ಒಳಗೆ ಬಂದ ನೀರನ್ನು ಒಂದು ರಬ್ಬರಿನ ಚಕ್ರ, ಇಂಪೆಲ್ಲರ್ ಅಂತ, ಮೇಲಕ್ಕೆ ತಳ್ಳುತ್ತದೆ. ನೀರು ಇಂಜಿನ್ನಿನ ತಲೆಯ ಸುತ್ತ ಸಣ್ಣ ಸಣ್ಣ ದಾರಿಗಳಲ್ಲಿ ಸುತ್ತಿ, ಕಾವು ಎತ್ತಿಕೊಂಡು ಹೊರಗೆ ಬೀಳುತ್ತದೆ. ಅದರಲ್ಲಿ ಒಂದು ಪಾಲು ಆ ತೂತಿನಿಂದ ಬಂದು ಚುಗಲಿ ಹೇಳುತ್ತದೆ. ಇದನ್ನು ಮಿಸ್ತ್ರಿ ನನ್ನಿಂದ ಒಂದೇ ಸಲ ಕೇಳಿ, ನನಗಿಂತ ಚೆನ್ನಾಗಿ ನನಗೇ ತಿರುಗಿ ಹೇಳಿದರು. “ಅಂದ್ರ, ಬಾಯಾರ, ಎಮ್ಮಿ ಹಂಗ. ನೀರಾಗ ನಿಂತ್ರ ತಂಪು, ಹೊರಗ ನಿಂತ್ರ ದಮ್ಮು.”

ಆಮೇಲೆ ಕೂಲಿಂಗ್ ಸಿಸ್ಟಂ ತೊಳೆಯುವ ಪುಟ ಬಂತು. ಉಪ್ಪುನೀರಿನಲ್ಲಿ ಓಡಿಸಿದ ಮೇಲೆ ಮೋಟಾರನ್ನು ಫ್ರೆಶ್ ವಾಟರ್‌ನಲ್ಲಿ ನಡೆಸಿ ಒಳಗನ್ನೆಲ್ಲ ತೊಳೆಯಬೇಕು ಎಂದು ಬರೆದಿತ್ತು. ಸವದತ್ತಿಯಲ್ಲಿ ಎಲ್ಲಿಯ ಉಪ್ಪುನೀರು? ಸಮುದ್ರ ನಮ್ಮಿಂದ ಒಂದು ದಿನದ ದಾರಿ. ನಾನು ಆ ಶಬ್ದವನ್ನು ಬಿಟ್ಟು ಮುಂದೆ ಓದಿದೆ.

“ದಿನಾ ಕೆಲಸ ಮುಗಿದ ಮ್ಯಾಲೆ ತಾಜಾ ನೀರಿನ್ಯಾಗ ನಡಸಿ ತೊಳೀಬೇಕಂತ ಮಿಸ್ತ್ರಿ.”

“ತಾಜಾ ನೀರು?” ಅವರು ಗಡ್ಡ ಕೆರೆದುಕೊಂಡರು. “ನಾ ದಿನಾ ಸಂಜೀಕ ಕಚೇರಿ ಸಿಮೆಂಟ್ ಹೌದಿನ್ಯಾಗ ತುಂಬಿಟ್ಟ ನೀರು ಡ್ರಮ್ಮಿಗೆ ಹಾಕಿ, ಅದರಾಗ ಮೋಟಾರ್ ನಿಂದ್ರಿಸಿ ತೊಳೀತೇನ್ರಿ. ಎರಡು ದಿನ ನಿಂತ ನೀರು ಅದು. ನಡೀತೈತೇನು?”

“ಇಲ್ಲ, ನಿಂತ ನೀರು ಬ್ಯಾಡ. ಫ್ರೆಶ್ ಅಂತ ಬರದಾರ. ಆಗಿಂದಾಗ ತಂದದ್ದು ಬೇಕು.”

ಅವರು ಒಂದು ಗಳಿಗೆ ತಮ್ಮ ಅಂಗೈ ನೋಡಿಕೊಂಡರು. ಆ ಒಂದು ಗಳಿಗೆ ನನಗೆ ಇವತ್ತಿಗೂ ನೆನಪಿದೆ. ಆಮೇಲೆ, “ಬರದಾರಂದ್ರ ಆತು ಬಿಡ್ರಿ. ಮಾಡಿದವರಿಗಿಂತ ಹೆಚ್ಚಿಗೆ ನಮಗೇನು ತಿಳೀತೈತಿ,” ಅಂದು ಎದ್ದರು.

ನಮ್ಮ ಮನೆಗಳಲ್ಲಿ ತಾಜಾ ನೀರು ಎಂದರೆ ಇವತ್ತು ತುಂಬಿದ್ದು. ನಿನ್ನೆಯದನ್ನು ಚೆಲ್ಲಿ, ಕೊಡ ಬೆಳಗಿ, ಹೊಸದಾಗಿ ತರುವುದು. ನಾನು ಆ ಅರ್ಥವನ್ನೇ ಹೇಳಿದ್ದೆ. ಇಂಗ್ಲಿಷಿನಲ್ಲಿ ಫ್ರೆಶ್ ವಾಟರ್ ಎಂದರೆ ಉಪ್ಪಿಲ್ಲದ ನೀರು, ಸಿಹಿನೀರು, ಅಷ್ಟೇ. ನಿನ್ನೆಯದೋ ಇವತ್ತಿನದೋ, ಅವರಿಗೆ ಲೆಕ್ಕಕ್ಕಿಲ್ಲ. ಬಿಟ್ಟು ಓದಿದ ‘ಉಪ್ಪು’ ಎಂಬ ಒಂದು ಶಬ್ದದಲ್ಲಿ ಇಡೀ ವಾಕ್ಯದ ಅರ್ಥ ಇತ್ತು.

ಮಳೆಗಾಲ ಬಂತು. ಮೇಲಿನಿಂದ ಹೊಳೆ ಕೆಂಪಗಾಗಿ ಬಂದು ಸೇರಿತು. ದಂಡೆಯ ಅಂಚಿನಲ್ಲಂತೂ ಮುಳುಗಿದ ಹೊಲಗಳ ಎರೆಮಣ್ಣು ಕದಡಿ ನೀರು ಅಂಬಲಿಯ ಹಾಗೆ. ಅಡುಗೆಮನೆಯಲ್ಲಿ ನಾನೇ ಆ ನೀರನ್ನು ತಾಮ್ರದ ಹಂಡೆಗೆ ಹಾಕಿ, ಪಟಕದ, ಅಂದರೆ ಆಲಮ್ಮಿನ, ತುಂಡು ತಿರುಗಿಸಿ, ಮಣ್ಣು ಕೆಳಗೆ ಕೂರುವ ತನಕ ಕಾಯುತ್ತಿದ್ದೆ. ಅಲ್ಲಿ ನೂರು ಹೆಜ್ಜೆ ದೂರದಲ್ಲಿ, ದಿನಾ ಸಂಜೆ, ಆ ಮನುಷ್ಯ ಮೊಣಕಾಲು ನೀರಿಗಿಳಿದು ಬಕೆಟ್ಟಿನಲ್ಲಿ ಅದೇ ನೀರನ್ನು ಆಗಿಂದಾಗ ತುಂಬಿ ಡ್ರಮ್ಮಿಗೆ ಹಾಕುತ್ತಿದ್ದರು. ಕಿಟಕಿಯಿಂದ ದಿನಾ ನೋಡುತ್ತಿದ್ದೆ. ನೋಡಿಯೂ ನನಗೆ ಎರಡನ್ನೂ ಕೂಡಿಸುವ ಬುದ್ಧಿ ಬರಲಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಚುಗಲಿ ನೀರು ಸಣ್ಣಗಾಯಿತು. ಪೆನ್ಸಿಲ್ಲಿನ ದಪ್ಪ ಹೋಗಿ ಸೂಜಿದಾರದಷ್ಟಾಯಿತು. ಮಿಸ್ತ್ರಿ ಜಾಲಿಯ ಮುಳ್ಳಿನಿಂದ ತೂತು ಚುಚ್ಚಿ ನೋಡಿದರು. ಕಾಲಿನ ಜಾಲರಿ ತೊಳೆದರು. ಕೆಳಗಿನ ಭಾಗ ಬಿಚ್ಚಿ ರಬ್ಬರಿನ ಚಕ್ರದ ಎಸಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು, ಸವೆದಿದ್ದವು, ಹರಿದಿರಲಿಲ್ಲ. “ತಲಿ ಬಿಚ್ಚಿ ನೋಡಬೇಕ್ರಿ ಸಾಹೇಬ್ರ,” ಅಂದರು. ನನ್ನ ಯಜಮಾನರು ಒಪ್ಪಲಿಲ್ಲ. ತಲೆ ಬಿಚ್ಚಿದರೆ ನಡುವಿನ ಪ್ಯಾಕಿಂಗ್ ಹಾಳೆ ಹರಿಯುತ್ತದೆ, ಹೊಸದು ಪರದೇಶದಿಂದ ಬರಬೇಕು, ಅಷ್ಟರಲ್ಲಿ ಬೆಳಗಾವಿಯ ದೊಡ್ಡ ಸಾಹೇಬರ ಇನ್‌ಸ್ಪೆಕ್ಷನ್ ಇದೆ.

ಸಾಹೇಬರು ಬಂದರು, ದೋಣಿ ಹತ್ತಿದರು. ನಡುನೀರಿನಲ್ಲಿ ಚುಗಲಿ ನಿಂತಿತು, ಹಿಂದೆಯೇ ಬಿಳಿ ಹಬೆ ಎದ್ದಿತು, ಮೋಟಾರು ಬಂದ್ ಆಯಿತು. ಇದ್ದ ಎರಡು ಹುಟ್ಟುಗಳಲ್ಲಿ ಒಂದನ್ನು ಮಿಸ್ತ್ರಿ, ಒಂದನ್ನು ನನ್ನ ಯಜಮಾನರು ಹಾಕಿ, ಎದುರುಗಾಳಿಯಲ್ಲಿ ದಂಡೆ ಮುಟ್ಟಲು ಎರಡು ತಾಸು ಹಿಡಿಯಿತು. ಸಾಹೇಬರು ಬೂಟು ಕೈಯಲ್ಲಿ ಹಿಡಿದು ಕೆಸರಿನಲ್ಲಿ ಇಳಿದದ್ದನ್ನು ನಾನು ಕಿಟಕಿಯಿಂದ ಕಂಡೆ.

“ಆ ಮುದುಕನ್ನ ಮನಿಗೆ ಕಳಸ್ರಿ,” ಅಂದರಂತೆ. “ಇಂಜಿನ್ ಸುಟ್ಟು ತಿಂದಾನ. ಸೋಮವಾರ ಜೀಪಿನ್ಯಾಗ ಲೆಟರ್ ಬರಲಿ, ನಾ ಸಹಿ ಮಾಡತೇನಿ.”

ಮರುದಿನ ಶುಕ್ರವಾರ. ಯಜಮಾನರು ಲೆಟರಿನ ಡ್ರಾಫ್ಟನ್ನು ನನ್ನ ಮುಂದೆ ಇಟ್ಟು ಕಚೇರಿಗೆ ಹೋದರು. ಅವರ ಇಂಗ್ಲಿಷ್ ತಿದ್ದುವುದು ನನ್ನ ಕೆಲಸ. ಆಪರೇಟರನ ಗ್ರಾಸ್ ನೆಗ್ಲಿಜೆನ್ಸ್‌ನಿಂದ ಮೋಟಾರು ಹಾಳಾಗಿದೆ, ಅವರನ್ನು ಕೆಲಸದಿಂದ ತೆಗೆಯಬಹುದು ಎಂದಿತ್ತು. ನೆಗ್ಲಿಜೆನ್ಸ್ ಅನ್ನುವಲ್ಲಿ ಅವರು ಒಂದು ‘ಐ’ ಬಿಟ್ಟಿದ್ದರು. ನಾನು ಕೆಂಪು ಪೆನ್ಸಿಲಿನಿಂದ ಸೇರಿಸಿದೆ. ಮನಸ್ಸು ಚುರ್ರೆಂದಿತು, ಇಲ್ಲವೆನ್ನಲಾರೆ. ಆದರೆ ಸ್ಪೆಲಿಂಗ್ ತಿದ್ದಿದೆ.

ಪೆನ್ಸಿಲು ಕೆಳಗಿಡುವಷ್ಟರಲ್ಲಿ ಮಿಸ್ತ್ರಿ ಬಂದರು. ನಮಾಜಿಗೆ ಹೊರಟವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಒಗೆದ ವಸ್ತ್ರದಲ್ಲಿ ಸುತ್ತಿದ ಮ್ಯಾನ್ಯುಯಲ್. ನಾನು ಲೆಟರನ್ನು ಸೆರಗಿನ ಕೆಳಗೆ ಸರಿಸಿದೆ.

“ತಗೋರಿ ಬಾಯಾರ, ನಿಮ್ಮ ಪುಸ್ತಕ. ಇನ್ನ ರಾಮದುರ್ಗಕ್ಕ ಹೋಗೂದಾತು.” ಮೆಟ್ಟಿಲ ಮೇಲೆ ಕುಳಿತರು. “ಹೋಗೂಕಿಂತ ಮೊದಲ ಒಂದು ಮಾತು ಕೇಳಬೇಕಾಗಿತ್ರಿ. ಆ ತೊಳೆಯೂ ಹಾಳಿ ಇನ್ನೊಮ್ಮೆ ಓದ್ರಿ. ನಾ ಎಲ್ಲಿ ತಪ್ಪಿದೆ ಅನ್ನೂದು ತಿಳಕೊಂಡು ಹೋಗತೇನಿ. ನಲವತ್ತು ವರ್ಷದಾಗ ನನ್ನ ಕೈಯಾಗ ಒಂದು ಇಂಜಿನ್ ಸತ್ತಿಲ್ಲ. ನೀವು ಹೇಳಿದಂಗ ದಿನಾ ತಾಜಾ ನೀರು ಹಾಕೇನಿ. ಮಳಿ ಇರಲಿ, ಜ್ವರ ಇರಲಿ, ಒಂದು ದಿನ ತಪ್ಪಿಸಿಲ್ಲ.”

“ಎಲ್ಲಿಂದ ತರತಿದ್ರಿ?”

“ಹೊಳಿ ದಂಡ್ಯಾಗಿಂದ. ಆಗಿಂದಾಗ.”

ನಾನು ಪುಟ ತೆರೆದೆ. ಈ ಸಲ ಇಂಗ್ಲಿಷಿನಲ್ಲೇ, ಬಿಡದೆ ಓದಿದೆ. ಉಪ್ಪುನೀರು ಎಂಬಲ್ಲಿಗೆ ಬಂದು ನನ್ನ ದನಿ ನಿಂತಿತು. ಒಳಗೆ ಹಂಡೆಯಲ್ಲಿ ನಾನು ಪಟಕ ತಿರುಗಿಸಿ ಇಟ್ಟ ನೀರು ನೆನಪಾಯಿತು. ದಿನಾ ಸಂಜೆ ಕೆಸರುನೀರಿನಲ್ಲಿ ಮೋಟಾರು ನಡೆಸಿ ನಿಲ್ಲಿಸಿದರೆ ಕೊನೆಯ ನೀರು ಒಳಗಿನ ದಾರಿಗಳಲ್ಲಿ ಉಳಿಯುತ್ತದೆ. ಬಿಸಿ ಇಂಜಿನ್ನಿನಲ್ಲಿ ಅದು ಒಣಗುತ್ತದೆ. ಎರೆಮಣ್ಣು ಒಣಗಿದರೆ ಏನಾಗುತ್ತದೆ ಎಂದು ಈ ಸೀಮೆಯ ಯಾವ ಕೂಸಿಗೂ ಹೇಳಿಕೊಡಬೇಕಾಗಿಲ್ಲ.

ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. “ಚಹಾ ಮಾಡತೇನಿ, ಕುಂದರ್ರಿ,” ಎಂದು ಒಳಗೆ ಹೋದೆ. ಅವರು ಬಸಿಯಲ್ಲಿ ಹಾಕಿಕೊಂಡು ಚಹಾ ಕುಡಿದು, “ನೀವೇನು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ, ನಂದ ಎಲ್ಲಿಯೋ ತಪ್ಪಾಗೈತಿ,” ಅಂದು ಎದ್ದು ಹೋದರು. ಕಪ್ಪು ತೊಳೆಯುತ್ತ ನಾನು ಅತ್ತೆ. ಬೋರ್ಡಿಂಗಿನಲ್ಲಿ ಹೇಳಬಾರದ್ದನ್ನು ಓಡಿಹೋಗಿ ಹೇಳಿದವಳು, ಇಲ್ಲಿ ಹೇಳಬೇಕಾದ್ದನ್ನು ಚಹಾದಲ್ಲಿ ಮುಳುಗಿಸಿದೆ. ವಾಟ್ ಎ ಕೌವರ್ಡ್.

ಊಟಕ್ಕೆ ಬಂದ ಯಜಮಾನರು ಮೊದಲ ತುತ್ತು ಬಾಯಿಗಿಡುವ ಮುಂಚೆಯೇ ಹೇಳಿಬಿಟ್ಟೆ. “ಅಲ್ಲರಿ, ಮೋಟಾರ್ ಕೆಡಿಸಿದಾಕಿ ನಾನು.”

“ನೀ ಯಾವಾಗ ದೋಣಿ ಹತ್ತಿದಿ?”

ಎಲ್ಲ ಹೇಳಿದೆ. ತಾಜಾ, ಫ್ರೆಶ್, ಬಿಟ್ಟ ಶಬ್ದ, ಹೌದಿನ ನೀರು, ಬಕೆಟ್ಟು. ಅವರು ರೊಟ್ಟಿ ಕೈಯಲ್ಲಿ ಹಿಡಿದು ಕೇಳಿದರು. ನನ್ನ ರೊಟ್ಟಿ ಆಗಲೇ ಗಟ್ಟಿಯಾಗಿರುತ್ತಿತ್ತು, ಅಷ್ಟು ಹೊತ್ತಿಗೆ ಹಂಚಾಗಿತ್ತು.

“ತಲ್ಯಾಗ ಮಣ್ಣು ತುಂಬೈತಿ ಅಂತೀ,” ಅಂದರು ಕೊನೆಗೆ. “ಇಂಜಿನ್ನಿಂದು.”

“ನನ್ನದೂ ಅನ್ರಿ, ಪರವಾಗಿಲ್ಲ. ಲೆಟರ್ ಹರೀರಿ.”

“ಹರದು ಏನಂತ ಬರೀಲಿ? ಇಂಜಿನಿಯರನ ಹೆಂಡತಿ ಇಂಗ್ಲಿಷ್ ತಪ್ಪು ಹೇಳಿದ್ಲು ಅಂತ? ಬೆಳಗಾವಿ ತನಕ ನಗತಾರ.”

“ನಗಲಿ. ಅವರು ಬೂಟು ಹಿಡಕೊಂಡು ಇಳಿದಾಗ ನಾ ನಕ್ಕಿಲ್ಲೇನು? ಆ ಮನುಷ್ಯಾ ನಲವತ್ತು ವರ್ಷದ ಹೆಸರು ಬಿಟ್ಟು ಊರಿಗೆ ಹೋಗತಾರರಿ. ನಾನ ಬರದ ಕೊಡತೇನಿ, ಒಂದೂ ಸ್ಪೆಲಿಂಗ್ ತಪ್ಪಿಲ್ಲದಂಗ.”

ಅವರು ಬಹಳ ಹೊತ್ತು ನನ್ನನ್ನು ನೋಡಿದರು. ಮದುವೆಯಾದ ಮೇಲೆ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು ಅನ್ನಿಸುತ್ತದೆ. ಆಮೇಲೆ ಕೈ ತೊಳೆದು, “ಸೋಮವಾರದ ತನಕ ಟೈಮೈತಿ. ತಲಿ ಬಿಚ್ಚಿ ನೋಡೂಣು. ಮಣ್ಣು ಇದ್ರ, ಇಂಜಿನ್ ಎದ್ರ, ಆಮ್ಯಾಲೆ ಲೆಟರು. ಮೊದಲ ಅವರಿಗೆ ನೀನ ಹೋಗಿ ಹೇಳು,” ಅಂದರು.

ದಂಡೆಯಲ್ಲಿ ಮಿಸ್ತ್ರಿ ತಮ್ಮ ಹತಾರಗಳನ್ನು ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ನಾನು ಯಾವ ಪೀಠಿಕೆಯೂ ಇಲ್ಲದೆ ಹೇಳಿದೆ. “ಚಾಚಾ, ತಪ್ಪು ನಿಮ್ಮದಲ್ಲ. ನಾ ಒಂದು ಶಬ್ದ ಬಿಟ್ಟು ಓದಿದೆ. ಹೌದಿನ ನೀರ ಸರಿ ಇತ್ತು.” ಚಾಚಾ ಎಂಬ ಕರೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅಲ್ಲಿಯವರೆಗೆ ನಾನು ಅವರನ್ನು ಮಿಸ್ತ್ರಿ ಎಂದೇ ಕರೆದಿದ್ದೆ.

ಅವರ ಮುಖ ಒಂದು ಕ್ಷಣ ಗಟ್ಟಿಯಾಯಿತು. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟರು.

“ಕೆಸರು ನೀರು ಹಾಕುವಾಗ ನನ್ನ ಕೈಗೆ ಗೊತ್ತಾಗಿತ್ತು, ಬೇಟಾ. ದಿನಾ ಗೊತ್ತಾಗತಿತ್ತು. ಬ್ಯಾಡ ಅಂತ ಕೈ ಹೇಳತಿತ್ತು. ಪುಸ್ತಕಕ್ಕ ಎದುರಾಡಾಕ ಬಾಯಿ ಬರಲಿಲ್ಲ.” ಒರೆಸುವ ಬಟ್ಟೆಯನ್ನು ಮಡಚಿ ಮತ್ತೆ ಅಂದರು, “ನೀ ಒಂದು ಶಬ್ದ ಬಿಟ್ಟಿ. ನಾ ನನ್ನ ಕೈಯಿನ ಮಾತು ಬಿಟ್ಟೆ. ಇಬ್ಬರೂ ಕೂಡಿ ಆ ಬಡಪಾಯಿನ ಸುಟ್ಟಿವಿ.”

ಬಾಯಾರ ಹೋಗಿ ಬೇಟಾ ಆದದ್ದು ಆಗ ನನ್ನ ಗಮನಕ್ಕೆ ಬರಲಿಲ್ಲ. ಆ ರಾತ್ರಿ ಊಟ ಬಡಿಸುವಾಗ ನೆನಪಾಗಿ ಕೈ ನಿಂತಿತು.

ಶನಿವಾರ ಬೆಳಿಗ್ಗೆ ದಂಡೆಯ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ, ಚಾಚಾ ಮೋಟಾರಿನ ತಲೆ ಬಿಚ್ಚಿದರು. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಮುಚ್ಚಳ ಎದ್ದಾಗ ಮೂವರೂ ಬಗ್ಗಿ ನೋಡಿದೆವು. ನೀರು ಓಡುವ ದಾರಿಗಳಲ್ಲಿ ಕರಿಮಣ್ಣು, ಸುಟ್ಟ ಇಟ್ಟಿಗೆಯ ಹಾಗೆ, ಬೆರಳಿನ ಉಗುರಿಗೆ ಸಿಗದಷ್ಟು ಬಿರುಸು. ನನ್ನ ಯಜಮಾನರು ಜಾಲಿಮುಳ್ಳಿನಿಂದ ಒಂದು ಚೂರು ಕಿತ್ತು ನನ್ನ ಅಂಗೈ ಮೇಲೆ ಇಟ್ಟರು.

“ಕಬ್ಬಿಣ ಹಾಕಿ ಕೆರದ್ರ ಗೀರು ಬೀಳತೈತಿ,” ಅಂದರು ಚಾಚಾ. “ಬಿದಿರು ಬೇಕು, ನೀರು ಬೇಕು, ಪುರಸೊತ್ತು ಬೇಕು.”

ನೀರು ಹನಿಸಿ ಹನಿಸಿ ಮಣ್ಣು ನೆನೆಸಿದೆವು. ನೆನೆದದ್ದನ್ನು ಬಿದಿರಿನ ಕಡ್ಡಿಯಿಂದ ಕೆರೆದೆವು. ಸಣ್ಣ ತೂತುಗಳಿಗೆ ಜಾಲಿಮುಳ್ಳು. ನನ್ನ ಬೆರಳು ತೆಳ್ಳಗೆಂದು ಮೂಲೆಗಳ ಕೆಲಸ ನನಗೆ ಬಂತು. ಕರ್ಸಿವ್ ಬರೆದ ಬೆರಳು ಅವು, ಜನ್ಮದಲ್ಲಿ ಮೊದಲ ಸಲ ಒಂದು ಕೆಲಸಕ್ಕೆ ಬಂದವು. ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲನ್ನು ಚಾಚಾ ನನ್ನ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿದರು. ಪಾತೇಲಿಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟರು. ನೀರು ಕಾದಂತೆ ಅದು ಮೆಲ್ಲಗೆ ಬಾಯಿ ತೆರೆಯಿತು. “ಇದು ಜೀವಂತ ಐತಿ,” ಅಂದರು, ಮೊಮ್ಮಗುವಿನ ಬಗ್ಗೆ ಹೇಳುವ ಹಾಗೆ. ಪ್ಯಾಕಿಂಗ್ ನಿಜಕ್ಕೂ ಹರಿದಿತ್ತು. ಊರ ಗ್ಯಾರೇಜಿನಿಂದ ಲಾರಿಗೆ ಹಾಕುವ ಪ್ಯಾಕಿಂಗ್ ಹಾಳೆ ತರಿಸಿ, ಹಳೆಯದನ್ನು ಅದರ ಮೇಲೆ ಇಟ್ಟು ಗೆರೆ ಎಳೆದು, ಭಾನುವಾರ ಮಧ್ಯಾಹ್ನದ ತನಕ ಕುಳಿತು ಕತ್ತರಿಸಿದರು. ರಬ್ಬರಿನ ಚಕ್ರಕ್ಕೆ ಸೋಪಿನ ನೀರು ಸವರಿ, ಅದು ತಿರುಗುವ ದಿಕ್ಕಿಗೇ ತಿರುಗಿಸುತ್ತ ಕೂರಿಸಿದರು, ಎಸಳು ಉಲ್ಟಾ ಮಡಚಬಾರದೆಂದು.

“ಈಗ ನೀರು,” ಅಂದರು. ನಾವು ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮಳೆಗಾಲ ಶುರುವಾದ ಮೇಲೆ ಕಚೇರಿಯ ಹೌದನ್ನು ಯಾರೂ ತುಂಬಿಸಿರಲಿಲ್ಲ.

ಮನೆಯ ಹಂಡೆಯೇ ಗತಿ. ಎರಡು ದಿನದಿಂದ ಪಟಕ ಹಾಕಿ ಇಟ್ಟ ನೀರು, ತಳದ ತಾಮ್ರ ಕಾಣುವಷ್ಟು ಶುಭ್ರ. ಮೇಲಿನದನ್ನು ಅಲುಗಿಸದೆ ಕೊಡಗಳಿಗೆ ಮೊಗೆದು, ನಾನೂ ಯಜಮಾನರೂ ಹೊತ್ತು ತಂದು ಡ್ರಮ್ಮಿಗೆ ಹಾಕಿದೆವು. ಇಂಜಿನಿಯರ್ ಸಾಹೇಬರು ಹೆಂಡತಿಯ ಹಿಂದೆ ಕೊಡ ಹೊತ್ತು ನಡೆಯುವುದನ್ನು ನೋಡಿ ಕಾವಲುಗಾರ ಬೀಡಿ ಬಾಯಲ್ಲೇ ಮರೆತ. ಆ ದಿನ ನಮ್ಮ ಮನೆಯಲ್ಲಿ ಸಂಜೆಯ ಅಡುಗೆಗೂ ನೀರಿರಲಿಲ್ಲ.

ಚಾಚಾ ಬಿಸ್ಮಿಲ್ಲಾ ಎಂದು ಹಗ್ಗ ಎಳೆದರು. ಮೊದಲ ಎಳೆತಕ್ಕೆ ಏಳಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಎದ್ದಿತು. ಎಲ್ಲರ ಕಣ್ಣು ಆ ಸಣ್ಣ ತೂತಿನ ಮೇಲೆ. ಏನೂ ಬರಲಿಲ್ಲ. ಚಾಚಾ ಬೆರಳೆತ್ತಿ ತಾಳ್ರಿ ಎಂದು ಸನ್ನೆ ಮಾಡಿದರು. ಅವರ ಇನ್ನೊಂದು ಕೈ ಇಂಜಿನ್ನಿನ ತಲೆಯ ಮೇಲಿತ್ತು, ಜ್ವರದ ಕೂಸಿನ ಹಣೆ ಮುಟ್ಟಿದ ಹಾಗೆ. ನಾನು ಉಸಿರು ಹಿಡಿದು ಎಣಿಸಿದೆ. ತೂತು ಒಂದು ಸಲ ಕೆಮ್ಮಿತು. ಕೆಸರಿನ ಎರಡು ಹನಿ. ಮತ್ತೊಂದು ಕೆಮ್ಮು. ಕಂದು ನೀರು ಪಿಚಕ್ಕೆಂದು ಹಾರಿ ನನ್ನ ಯಜಮಾನರ ಬಿಳಿ ಪ್ಯಾಂಟಿಗೆ ಬಿತ್ತು. ಆಮೇಲೆ ಧಾರೆ ನಿಂತುಕೊಂಡಿತು, ಪೆನ್ಸಿಲ್ಲಿನಷ್ಟು ದಪ್ಪ, ಬಾಗಿ, ನಿಧಾನಕ್ಕೆ ಬಣ್ಣ ಕಳೆದುಕೊಳ್ಳುತ್ತ.

“ಹೇಳಾಕತ್ತಿತು ನೋಡ್ರಿ, ಚುಗಲಿ!” ಚಾಚಾ ಕೂಗಿದರು. ಕಣ್ಣು ಒರೆಸಿಕೊಂಡು, ಹಬೆ ಬಡಿಯಿತೆಂದರು. ಹಬೆಯೆಲ್ಲಿತ್ತು?

ಸೋಮವಾರ ಜೀಪಿನಲ್ಲಿ ಹೋದ ಲೆಟರನ್ನು ನಾನೇ ಬರೆದೆ, ಯಜಮಾನರು ಸಹಿ ಮಾಡಿದರು. ಕೆಳಗೆ ಸಹಿ ಮಾಡಿದವನ ಹೆಂಡತಿ ಮ್ಯಾನ್ಯುಯಲ್ಲಿನ ಒಂದು ಸೂಚನೆಯನ್ನು ಆಪರೇಟರಿಗೆ ತಪ್ಪಾಗಿ ವಿವರಿಸಿದ್ದರಿಂದ ಮೋಟಾರಿಗೆ ಹಾನಿಯಾಯಿತು, ಆಪರೇಟರನ ಶ್ರಮದಿಂದಲೇ ಅದೀಗ ಸರಿಯಾಗಿದೆ, ಎಂದು. ಬೆಳಗಾವಿಯಲ್ಲಿ ನಕ್ಕರು, ಬಹಳ ನಕ್ಕರಂತೆ. ಮುಂದಿನ ಸಲ ಬಂದ ದೊಡ್ಡ ಸಾಹೇಬರು ದೋಣಿ ಹತ್ತುವ ಮುಂಚೆ ನಮ್ಮ ಕಿಟಕಿಯ ಕಡೆ ನೋಡಿ, “ಯಾವ ನೀರು ಹಾಕೀರಿ ಇವತ್ತು? ಮೇಡಂ ಅವರನ್ನ ಕೇಳೀರೋ ಇಲ್ಲೋ?” ಅಂದದ್ದು ನನಗೆ ಒಲೆಯ ತನಕ ಕೇಳಿಸಿತು. ಕಿವಿ ಬಿಸಿಯಾಯಿತು. ಆದರೆ ಮುದುಕನನ್ನು ಮನೆಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ದೋಣಿ ಹೊರಟಿತು, ಚಾಚಾ ಹಿಂದೆ ಕುಳಿತಿದ್ದರು, ಧಾರೆ ಬಿಸಿಲಿಗೆ ಮಿಂಚಿತು.

ಮ್ಯಾನ್ಯುಯಲ್ಲಿನ ಆ ಪುಟದ ಅಂಚಿನಲ್ಲಿ, ಫ್ರೆಶ್ ವಾಟರ್ ಎಂಬುದರ ಪಕ್ಕಕ್ಕೆ, ನಾನು ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದೆ. ಯಾವ ಶಬ್ದ ಬರೆಯಬೇಕೆಂದು ಬಹಳ ಯೋಚಿಸಿದೆ. ಸಿಹಿನೀರು ಅಂದರೆ ಅರ್ಥಕ್ಕೆ ಸರಿ, ನಮ್ಮ ಹೊಳೆಗೆ ಸಾಲದು. ಒಳ್ಳೆಯ ನೀರು ಅಂದರೆ ಏನು ಹೇಳಿದ ಹಾಗಾಯಿತು? ಕೊನೆಗೆ ಹಂಡೆಯೇ ಶಬ್ದ ಕೊಟ್ಟಿತು. ಚಾಚಾಗೆ ಕನ್ನಡ ಓದುವುದು ನಿಧಾನ. ಕಪ್ಪು ಉಗುರಿನ ಹೆಬ್ಬೆರಳನ್ನು ಒಂದೊಂದು ಅಕ್ಷರದ ಕೆಳಗೆ ಸರಿಸುತ್ತ, ತುಟಿ ಅಲ್ಲಾಡಿಸುತ್ತ ಓದಿದರು. “ತಿ… ಳಿ… ನೀ… ರು.”

“ಸರಿ ಐತೇನು ಚಾಚಾ?”

“ನಿನಗ ತಿಳೀತು, ನೀರೂ ತಿಳಿ ಆತು,” ಅಂದರು. ಆಮೇಲೆ ಮ್ಯಾನ್ಯುಯಲ್ಲನ್ನು ತಿರುಗಿ ನನ್ನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಹಿಂದಿನ ಹಾಗೆ ಕುಳಿತು, ಟೊಪ್ಪಿಗೆ ಸರಿಮಾಡಿಕೊಂಡರು. “ಮುಂದಿನ ಹಾಳಿ ಓದು. ನಡುವ ಏನೂ ಬಿಡಬ್ಯಾಡ ಮತ್ತ. ನಾನೂ ನನಗ ಸರಿ ಅನ್ನಿಸದಿದ್ರ ಕೇಳತೇನಿ.”

ನಾವು ಅಲ್ಲಿಂದ ವರ್ಗವಾಗಿ ಹೋಗುವ ತನಕ ಓದಿದೆವು. ಅವರು ಪ್ರತಿ ಸಾಲಿಗೂ ಕೇಳುತ್ತಿದ್ದರು.